ಬೆಂಕಿ ಆರಿದರೂ ಬಾವಿ ನಿಲ್ಲದು: ತೈಲಬಾವಿ ನಿಯಂತ್ರಣದ ಕೊನೆಯ ಉಪಾಯಗಳು ಮತ್ತು ವೃತ್ತಿ ಐತಿಹ್ಯ

ವೃತ್ತಿ ಜಾನಪದವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಕುಂಬಾರ, ಕಮ್ಮಾರ, ನೇಕಾರ, ಬೆಸ್ತ, ಗಾಣಿಗರ ಕಸುಬುಗಳ ಸುತ್ತ ಬೆಳೆದ ನಂಬಿಕೆ, ಕಥೆ ಮತ್ತು ಪದಸಂಪತ್ತಿನ ಅಧ್ಯಯನವೆಂದೇ ತಿಳಿಯಲಾಗಿದೆ. ಯಂತ್ರ ಕಾಲಿಟ್ಟಲ್ಲಿ ಜಾನಪದ ಕೊನೆಗೊಳ್ಳುತ್ತದೆ ಎಂಬ ಹಳೆಯ ಗ್ರಹಿಕೆಯೊಂದು ಇದರ ಹಿಂದೆ ಇನ್ನೂ ಉಳಿದಿದೆ. ಈ ಗ್ರಹಿಕೆ ಎಷ್ಟು ಅಪೂರ್ಣವೆಂಬುದನ್ನು ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ವಿದ್ವಾಂಸ ಮೋಡಿ ಬೋಟ್‌ರೈಟ್ ತಮ್ಮ ಕೆಲಸದಿಂದಲೇ ತೋರಿಸಿಕೊಟ್ಟರು. ಗಿಬ್ ಮಾರ್ಗನ್ ಎಂಬ ಬಾವಿ ಕೊರೆಯುವ ಕಸುಬಿನವನೊಬ್ಬ ಹೇಳುತ್ತಿದ್ದ ಉತ್ಪ್ರೇಕ್ಷೆಯ ಕಥೆಗಳನ್ನು ಅವರು 1945ರಲ್ಲಿ ಪುಸ್ತಕವಾಗಿ ಹೊರತಂದರು. 1963ರಲ್ಲಿ ತೈಲೋದ್ಯಮದ ಜಾನಪದವನ್ನೇ ವಿಷಯವಾಗಿಟ್ಟುಕೊಂಡು ಇನ್ನೊಂದು ಗ್ರಂಥ ಬರೆದರು. ಈ ನಡುವೆ 1950ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರೂ ವಿಲಿಯಂ ಓವೆನ್ಸ್ ಅವರೂ ಸೇರಿ ಹಳೆಯ ತೈಲ ಕಾರ್ಮಿಕರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಕೊರೆಯುವ ಗೋಪುರದ ಬುಡದಲ್ಲಿ ನಿಂತವನಿಗೂ ತನ್ನದೇ ಐತಿಹ್ಯಗಳಿವೆ, ತನ್ನದೇ ವೀರರಿದ್ದಾರೆ ಎಂಬುದು ಆ ಸಂಗ್ರಹದಿಂದ ಸ್ಪಷ್ಟವಾಗುತ್ತದೆ.

ಆ ಉದ್ಯಮದ ಅತ್ಯಂತ ಭೀಕರ ಕ್ಷಣವೆಂದರೆ ಬಾವಿ ಕೈಮೀರಿ ಚಿಮ್ಮುವುದು. ಇದಕ್ಕೆ ಬ್ಲೋಔಟ್ ಎಂಬ ಹೆಸರೇ ಎಲ್ಲೆಡೆ ರೂಢಿಯಲ್ಲಿದೆ. ಎಲ್ಲ ಸಾಮಾನ್ಯ ಉಪಾಯಗಳೂ ಸೋತ ಮೇಲೆ ಹೂಡುವ ಕೊನೆಯ ಉಪಾಯಗಳ ಇತಿಹಾಸವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ನನ್ನ ವಾದ ಇಷ್ಟೇ: ಈ ಇತಿಹಾಸದಲ್ಲಿ ಬಾವಿಯನ್ನು ನಿಜವಾಗಿ ನಿಲ್ಲಿಸಿದ ಕೆಲಸ ಒಂದು, ಕಥೆಯಾಗಿ ಉಳಿದ ಕೆಲಸ ಇನ್ನೊಂದು. ಜನಸ್ಮೃತಿ ಬೆಂಕಿಯನ್ನೂ ಸಿಡಿತವನ್ನೂ ಆಯ್ದುಕೊಂಡಿದೆ. ಕೆಸರು, ತೂಕ ಮತ್ತು ಅಳತೆಯನ್ನು ಬಿಟ್ಟುಕೊಟ್ಟಿದೆ. ಈ ಆಯ್ಕೆ ನಿರಪಾಯಕಾರಿಯಾದುದೇನೂ ಅಲ್ಲ.

ಮೊದಲು ಬಾವಿ ಏಕೆ ಒಡೆಯುತ್ತದೆ ಎಂಬುದನ್ನು ತಿಳಿಯಬೇಕು. ನಮ್ಮ ಊರುಗಳಲ್ಲಿ ಕೊಳವೆಬಾವಿ ಕೊರೆಸುವವರ ಆತಂಕ ನೀರು ಬರುವುದೋ ಇಲ್ಲವೋ ಎಂಬುದು. ತೈಲಬಾವಿಯವರ ಆತಂಕ ಇದಕ್ಕೆ ವಿರುದ್ಧವಾದುದು. ಸಾವಿರಾರು ಮೀಟರ್ ಆಳದ ಬಂಡೆಯ ರಂಧ್ರಗಳಲ್ಲಿ ಎಣ್ಣೆ ಮತ್ತು ಅನಿಲ ಅಪಾರ ಒತ್ತಡಕ್ಕೆ ಸಿಲುಕಿ ನಿಂತಿರುತ್ತವೆ. ಅವುಗಳನ್ನು ಕೆಳಗೇ ತಡೆದು ಹಿಡಿಯುವುದು ಬಾವಿಯ ತುಂಬ ನಿಲ್ಲಿಸಿದ ಕೆಸರಿನ ಕಂಬ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. ಮೂರು ಸಾವಿರ ಮೀಟರಿನ ಕಂಬ ಮುನ್ನೂರರಷ್ಟು. ಅದೂ ಸಾಲದೆಡೆ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರವಾದ ಬೇರೈಟ್ ಎಂಬ ಖನಿಜದ ಪುಡಿಯನ್ನು ಕೆಸರಿಗೆ ಬೆರೆಸುತ್ತಾರೆ. (ಜಗತ್ತಿನ ದೊಡ್ಡ ಬೇರೈಟ್ ನಿಕ್ಷೇಪಗಳಲ್ಲೊಂದು ನಮ್ಮ ನೆರೆಯ ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿದೆ.) ಕೆಸರಿನ ತೂಕ ಕಡಿಮೆಯಾದರೆ, ಅಥವಾ ಕೆಸರು ಬಿರುಕುಗಳಲ್ಲಿ ಸೋರಿಹೋದರೆ, ಕೆಳಗಿನ ಒತ್ತಡ ಗೆಲ್ಲುತ್ತದೆ. ಆಗ ಬಾಯಿಯಲ್ಲಿ ಕೂರಿಸಿದ ಕವಾಟಗಳು ಮುಚ್ಚಿಕೊಳ್ಳಬೇಕು. ಅವೂ ಕೈಕೊಟ್ಟರೆ ಬಾವಿ ಒಡೆದಂತೆಯೇ ಸರಿ. ಮೇಲೆ ಬಂದ ಅನಿಲಕ್ಕೆ ಒಂದು ಕಿಡಿ ತಾಗಿದರೆ ಸಾಕು, ಉರಿಯ ಸ್ತಂಭವೇ ಏಳುತ್ತದೆ. ಆದರೆ ಬೆಂಕಿ ಇಲ್ಲಿ ರೋಗವಲ್ಲ, ರೋಗದ ಲಕ್ಷಣ ಮಾತ್ರ. ಮುಂದಿನ ಎಲ್ಲ ಚರ್ಚೆಯೂ ಈ ಒಂದು ಮಾತನ್ನು ಅವಲಂಬಿಸಿದೆ.

1901ರ ಜನವರಿ 10ರಂದು ಟೆಕ್ಸಾಸಿನ ಬೋಮಾಂಟ್ ಬಳಿಯ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಆಂಟನಿ ಲ್ಯೂಕಸ್ ಅವರ ಬಾವಿ ಚಿಮ್ಮಿದಾಗ ಈ ತಿಳಿವಳಿಕೆ ಇನ್ನೂ ಎಳೆಯದಾಗಿತ್ತು. ಬಾವಿಯನ್ನು ಕೊರೆದ ಹ್ಯಾಮಿಲ್ ಸಹೋದರರು ಸಡಿಲ ಮರಳಿನ ಪದರವನ್ನು ದಾಟಲಾಗದೆ, ಒಂದು ಹೊಂಡದ ನೀರಿಗೆ ದನಗಳನ್ನು ಹೊಡೆದು ತುಳಿಸಿ ಕೆಸರು ಮಾಡಿದರಂತೆ. ಆ ಕೆಸರೇ ಬಾವಿಯ ಗೋಡೆ ಕುಸಿಯದಂತೆ ಹಿಡಿಯಿತಂತೆ. ಗದ್ದೆಯನ್ನು ತುಳಿಸಿ ಕೆಸರು ಮಾಡುವ ರೈತಾಪಿ ತಿಳಿವಳಿಕೆಯೇ ಇಲ್ಲಿ ಆಧುನಿಕ ತಂತ್ರವೊಂದರ ಮೂಲಕಥೆಯಾಗಿ ನಿಂತಿರುವುದು ಜಾನಪದ ವಿದ್ಯಾರ್ಥಿಯ ಗಮನ ಸೆಳೆಯುತ್ತದೆ. ಬಾವಿ ಒಂಬತ್ತು ದಿನ ಹರಿಯಿತು. ದಿನಕ್ಕೆ ಸುಮಾರು ಒಂದು ಲಕ್ಷ ಪೀಪಾಯಿ ಎಣ್ಣೆ ಬಂತೆಂಬ ಅಂದಾಜಿದೆ. ಕೊನೆಗೆ ಅದೇ ಸಹೋದರರು ಕವಾಟಗಳ ಜೋಡಣೆಯೊಂದನ್ನು ಪಕ್ಕದಿಂದ ಚಿಮ್ಮುಬುಗ್ಗೆಯ ಮೇಲಕ್ಕೆ ಜಾರಿಸಿ ತಂದು ಬಾಯಿ ಕಟ್ಟಿದರು. ಸ್ಪಿಂಡಲ್‌ಟಾಪ್ ಎಂದೊಡನೆ ಲೋಕ ನೆನೆಯುವುದು ಚಿಮ್ಮಿದ ಎಣ್ಣೆಯ ಛಾಯಾಚಿತ್ರವನ್ನು; ಬಾಯಿ ಕಟ್ಟಿದ ಕೈಗಳನ್ನಲ್ಲ.

ಬೆಂಕಿ ಹೊತ್ತಿದ ಬಾವಿಗೆ ಈ ಕ್ರಮ ನಡೆಯುವುದಿಲ್ಲ. ಕಾರಣ, ಹತ್ತಿರ ಹೋಗುವುದೇ ಅಸಾಧ್ಯ. ಅಲ್ಲಿಗೆ ಬಂದವನು ಸಿಡಿಮದ್ದಿನ ಮನುಷ್ಯ. ಹತ್ತೊಂಬತ್ತನೆಯ ಶತಮಾನದ ಪೆನ್ಸಿಲ್ವೇನಿಯದಲ್ಲಿ ಬತ್ತುತ್ತಿದ್ದ ಬಾವಿಯ ತಳದಲ್ಲಿ ನೈಟ್ರೋಗ್ಲಿಸರಿನ್ ಸಿಡಿಸಿ ಬಂಡೆ ಬಿರಿಸುವ ಒಂದು ಕಸುಬು ಹುಟ್ಟಿಕೊಂಡಿತ್ತು. ಆ ದ್ರವವನ್ನು ಕುದುರೆಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗುವ ಈ ಕಸುಬಿನವನನ್ನು 'ಶೂಟರ್' ಎನ್ನುತ್ತಿದ್ದರು. ರಸ್ತೆಯ ಒಂದು ಕುಲುಕಾಟಕ್ಕೆ ಗಾಡಿ, ಕುದುರೆ, ಮನುಷ್ಯ ಒಂದೂ ಸಿಗದಂತೆ ಹೋದ ಕಥೆಗಳು ಇವನ ಸುತ್ತ ಹೇರಳ. ತೈಲಜಾನಪದದ ಮುಖ್ಯ ಮಾದರಿ ಪಾತ್ರಗಳಲ್ಲಿ ಇವನೂ ಒಬ್ಬ. ಕ್ಯಾಲಿಫೋರ್ನಿಯದ ಕಾರ್ಲ್ ಕಿನ್ಲಿ ಇಂಥ ಕಸುಬಿನವರೇ. 1913ರಲ್ಲಿ ಟ್ಯಾಫ್ಟ್ ಬಳಿ ಉರಿಯುತ್ತಿದ್ದ ಬಾವಿಯೊಂದರ ಬಾಯಿಯಲ್ಲಿ ಅವರು ಸಿಡಿಮದ್ದು ಸಿಡಿಸಿದಾಗ, ದೀಪ ಊದಿದಂತೆ ಬೆಂಕಿ ನಂದಿತು. ಅವರ ಮಗ ಮೈರನ್ ಕಿನ್ಲಿ ಈ ಉಪಾಯವನ್ನು ಒಂದು ಪೂರ್ಣಪ್ರಮಾಣದ ವೃತ್ತಿಯಾಗಿ ಬೆಳೆಸಿದರು.

ಈ ಉಪಾಯದ ಒಳಹೂರಣ ಇಂತಿದೆ. ಸ್ಫೋಟದ ಅಲೆಯು ಜ್ವಾಲೆಯ ಬುಡದಲ್ಲಿರುವ ಗಾಳಿಯನ್ನು ಕ್ಷಣಕಾಲ ಹೊರದೂಡಿ, ಉರಿಯನ್ನು ಇಂಧನದಿಂದ ಬೇರ್ಪಡಿಸುತ್ತದೆ. ಆದರೆ ಸುತ್ತ ಬಿದ್ದ ಕಬ್ಬಿಣ ಕೆಂಪಗೆ ಕಾದಿದ್ದರೆ ಮರುಕ್ಷಣವೇ ಬೆಂಕಿ ಮರಳುತ್ತದೆ. ಆದಕಾರಣ ಮೊದಲು ಗೋಪುರದ ಅವಶೇಷಗಳನ್ನು ಕೊಕ್ಕೆ ಹಾಕಿ ಎಳೆದು ತೆಗೆಯಬೇಕು. ದಿನಗಟ್ಟಲೆ ನೀರು ಹಾಯಿಸಿ ನೆಲವನ್ನು ತಣಿಸಬೇಕು. ಆಮೇಲೆ ಬೆಂಕಿ ತಾಗದ ಹೊದಿಕೆ ಸುತ್ತಿದ ಪೀಪಾಯಿಯಲ್ಲಿ ಮದ್ದು ತುಂಬಿ, ಉದ್ದನೆಯ ತೋಳಿನ ಬಂಡಿಯಿಂದ ಅದನ್ನು ಜ್ವಾಲೆಯ ಬುಡಕ್ಕೆ ಚಾಚಬೇಕು. ಸಿಡಿತ ಒಂದು ನಿಮಿಷದ ಮಾತು. ಅದರ ಹಿಂದಿನ ಸಿದ್ಧತೆ ವಾರಗಳದು, ಕೆಲವೊಮ್ಮೆ ತಿಂಗಳುಗಳದು. ಇನ್ನು ಬೆಂಕಿ ನಂದಿದ ಮೇಲಿನ ಗಳಿಗೆಯೇ ಹೆಚ್ಚು ಅಪಾಯದ್ದು. ಹಿಂದೆ ಉರಿದುಹೋಗುತ್ತಿದ್ದ ಅನಿಲ ಈಗ ಸುತ್ತ ಹರಡಿ ನಿಂತಿರುತ್ತದೆ. ಅದರ ನಡುವೆ ನಿಂತು, ಕಿಡಿ ಹಾರದ ಹಿತ್ತಾಳೆ ಕಂಚಿನ ಸಲಕರಣೆಗಳಿಂದ, ಕಿವಿಗಡಚಿಕ್ಕುವ ಮೊರೆತದಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತ ಹೊಸ ಕವಾಟ ಕೂರಿಸಬೇಕು. ಬಾವಿ ನಿಲ್ಲುವುದು ಇಲ್ಲಿ.

ಮೈರನ್ ಕಿನ್ಲಿಯವರ ಹೆಸರು ರುಮೇನಿಯದ ಮೊರೇನಿ ಬಾವಿಯೊಂದಿಗೆ ಸೇರಿಕೊಂಡಿದೆ. 1929ರಲ್ಲಿ ಹೊತ್ತಿಕೊಂಡ ಅದು 1931ರ ತನಕ ಎರಡು ವರ್ಷಕ್ಕೂ ಮೀರಿ ಉರಿಯಿತು. ಈ ಕಸುಬು ಕಿನ್ಲಿ ಮನೆತನದಿಂದ ಪ್ರಾಣವನ್ನೂ ತೆತ್ತುಕೊಂಡಿತು; ಮೈರನ್ನರ ಸಹೋದರ ಫ್ಲಾಯ್ಡ್ ಬಾವಿಯ ಕೆಲಸದಲ್ಲೇ ತೀರಿಕೊಂಡರು. ಮೈರನ್ನರ ಬಳಿ ಪಳಗಿದವರು ಪಾಲ್ ಅಡೇರ್. ಕೆಂಗೂದಲಿನಿಂದಾಗಿ ಲೋಕಕ್ಕೆ 'ರೆಡ್' ಅಡೇರ್. ಅವರು 1959ರಲ್ಲಿ ಗುರುವಿನಿಂದ ಬೇರೆಯಾಗಿ ಸ್ವಂತ ಸಂಸ್ಥೆ ಕಟ್ಟಿದರು. ಅಡೇರರ ಬಳಿ ಪಳಗಿದ 'ಬೂಟ್ಸ್' ಹ್ಯಾನ್ಸೆನ್ ಮತ್ತು 'ಕೂಟ್ಸ್' ಮ್ಯಾಥ್ಯೂಸ್ 1978ರಲ್ಲಿ ಮತ್ತೆ ಬೇರೆಯಾದರು. ಅಡ್ಡಹೆಸರುಗಳೇ ಸಂಸ್ಥೆಯ ಹೆಸರಾದುದನ್ನು ಗಮನಿಸಬೇಕು. ಇದನ್ನು ಗುರುಪರಂಪರೆ ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಗಾಳಿಯ ದಿಕ್ಕು ನೋಡುವುದು, ಮೊರೆತದ ಏರಿಳಿತದಿಂದ ಒತ್ತಡ ಊಹಿಸುವುದು, ಎಷ್ಟು ಮದ್ದು ಸಾಕೆಂದು ಅಂದಾಜಿಸುವುದು, ಇವೆಲ್ಲ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ. ನಮ್ಮ ಗರುಡಿಮನೆಗಳಂತೆ ಇಲ್ಲಿಯೂ ವಿದ್ಯೆಯ ಜೊತೆಗೆ ಗುರುವಿನ ಕಥೆಯೂ ಶಿಷ್ಯನ ಪಾಲಿಗೆ ಬರುತ್ತದೆ.

ಅಡೇರರ ಕಥೆ ಲೋಕವ್ಯಾಪಿಯಾದುದು ಅಲ್ಜೀರಿಯದ ಮರುಭೂಮಿಯಿಂದ. ಗಾಸಿ ತುಯಿಲ್ ಎಂಬಲ್ಲಿ 1961ರ ನವೆಂಬರಿನಲ್ಲಿ ಹೊತ್ತಿದ ಅನಿಲಬಾವಿಯ ಜ್ವಾಲೆ ಸುಮಾರು 450 ಅಡಿ ಎತ್ತರವಿತ್ತು. 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಸುತ್ತಿದ ಜಾನ್ ಗ್ಲೆನ್ ಅದನ್ನು ಅಂತರಿಕ್ಷದಿಂದ ಕಂಡರೆಂದು ಹೇಳುತ್ತಾರೆ. 'ಸೈತಾನನ ಸಿಗರೇಟು ಲೈಟರ್' ಎಂಬರ್ಥದ ಹೆಸರೂ ಅದಕ್ಕೆ ಬಂತು. ಏಪ್ರಿಲ್ 28ರಂದು ಸಿಡಿಮದ್ದಿನಿಂದ ಅದನ್ನು ನಂದಿಸಲಾಯಿತು. 1968ರಲ್ಲಿ ಅಡೇರರ ಬದುಕನ್ನು ಆಧರಿಸಿ ಜಾನ್ ವೇನ್ ನಟಿಸಿದ 'ಹೆಲ್‌ಫೈಟರ್ಸ್' ಚಲನಚಿತ್ರ ಬಂದ ಮೇಲಂತೂ ಐತಿಹ್ಯ ಪೂರ್ಣಗೊಂಡಿತು: ಭೂಗರ್ಭದಿಂದೆದ್ದ ರಾಕ್ಷಸ, ಅದನ್ನು ಒಂದೇ ಏಟಿಗೆ ಮಣಿಸುವ ವೀರ. ನಮ್ಮ ಜನಪದ ಕಾವ್ಯಗಳನ್ನು ಬಲ್ಲವರಿಗೆ ಈ ಆಶಯ ಹೊಸದಲ್ಲ.

ಇನ್ನು ಕಥೆಯಾಗದ ಉಪಾಯಕ್ಕೆ ಬರೋಣ. 1933ರ ಜನವರಿಯಲ್ಲಿ ಟೆಕ್ಸಾಸಿನ ಕಾನ್ರೋ ಕ್ಷೇತ್ರದಲ್ಲಿ ಒಂದು ಬಾವಿ ಒಡೆದು ಹೊತ್ತಿಕೊಂಡಿತು. ನೆಲವೇ ಕುಸಿದು ಗೋಪುರವನ್ನು ನುಂಗಿತು. ಬಾವಿಯ ಬಾಯಿ ಇದ್ದೆಡೆ ಎಣ್ಣೆಯ ಕೊಳವಾಯಿತು. ಕವಾಟ ಕೂರಿಸಲು ಬಾಯಿಯೇ ಇಲ್ಲದ ಮೇಲೆ ಸಿಡಿಮದ್ದಿನವನು ಮಾಡುವುದೇನು? ಈ ಬಾವಿಯ ಪಾಲುದಾರರಲ್ಲೊಬ್ಬರು ಜೇಮ್ಸ್ ಅಬರ್‌ಕ್ರೋಂಬಿ. ಬ್ಲೋಔಟನ್ನು ತಡೆಯುವ ಕವಾಟವನ್ನು 1922ರಲ್ಲಿ ಹ್ಯಾರಿ ಕ್ಯಾಮರಾನ್ ಜೊತೆಗೂಡಿ ರೂಪಿಸಿದವರೂ ಅವರೇ. ವಿಧಿಯ ವ್ಯಂಗ್ಯವೆಂದರೆ ಇದು. ಯಾವ ಕಥೆಗಾರನೂ ಇದನ್ನು ಹಾಡಿದಂತಿಲ್ಲ.

ಪರಿಹಾರ ಬಂದುದು ಜಾನ್ ಈಸ್ಟ್‌ಮನ್ ಎಂಬ ತಂತ್ರಜ್ಞರಿಂದ. ದೂರದಲ್ಲಿ ಸುರಕ್ಷಿತ ನೆಲದ ಮೇಲೆ ಹೊಸದೊಂದು ಬಾವಿ ಆರಂಭಿಸಿ, ಅದನ್ನು ಆಳದಲ್ಲಿ ಬೇಕೆಂದೇ ಓರೆಯಾಗಿ ತಿರುಗಿಸಿ, ಒಡೆದ ಬಾವಿಯ ತಳದ ಹತ್ತಿರಕ್ಕೆ ಒಯ್ದು, ಅಲ್ಲಿಂದ ದ್ರವವನ್ನು ತಳ್ಳಿ ಮೂಲವನ್ನೇ ಮುಳುಗಿಸುವುದು ಅವರ ಯೋಜನೆ. ಕೊರೆಯುವ ಕೊಳವೆಯೊಳಗೆ ಪುಟ್ಟ ಉಪಕರಣವನ್ನಿಳಿಸಿ, ಬಾವಿ ಎಷ್ಟು ಓರೆಯಾಗಿದೆ, ಯಾವ ದಿಕ್ಕಿಗಿದೆ ಎಂಬುದನ್ನು ಅಳೆಯುತ್ತ ಹೆಜ್ಜೆಹೆಜ್ಜೆಗೂ ಅವರು ದಾರಿ ತಿದ್ದಿದರು. 1934ರಲ್ಲಿ ಕಾನ್ರೋ ಬಾವಿ ನಿಂತಿತು. ರಿಲೀಫ್ ವೆಲ್, ಅಂದರೆ ನೆರವಿನ ಬಾವಿ ಎಂದು ಕರೆಯಲಾಗುವ ಈ ಕ್ರಮ, ಬೇರೆಲ್ಲ ಉಪಾಯಗಳೂ ಸೋತಾಗ ಇಂದಿಗೂ ಉಳಿಯುವ ಕೊನೆಯ ಆಸರೆಯಾಗಿದೆ. ಇದರಲ್ಲಿ ಸಿಡಿತವಿಲ್ಲ, ನೋಡುಗರಿಲ್ಲ. ಇರುವುದು ತಿಂಗಳುಗಟ್ಟಲೆ ಕಣ್ಣಿಗೆ ಕಾಣದ ಆಳದಲ್ಲಿ ಸಾಗುವ ಕೊಳವೆ ಮತ್ತು ಕಾಗದದ ಮೇಲಿನ ಲೆಕ್ಕ. ವೃತ್ತಿಯ ಒಳಗಿನವರು ಈಸ್ಟ್‌ಮನ್ ಹೆಸರನ್ನು ಬಲ್ಲರು. ಹೊರಗೆ ಅವರ ಮೇಲೆ ಚಲನಚಿತ್ರ ಬರಲಿಲ್ಲ, ಅಡ್ಡಹೆಸರೂ ಅಂಟಲಿಲ್ಲ.

ಐತಿಹ್ಯದ ಈ ಪಕ್ಷಪಾತ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸೋವಿಯತ್ ಒಕ್ಕೂಟದ ಅಣುಸ್ಫೋಟಗಳ ವಿಷಯದಲ್ಲಿ. ಉಜ್ಬೆಕಿಸ್ತಾನದ ಉರ್ತಾಬುಲಾಕ್ ಅನಿಲ ಕ್ಷೇತ್ರದಲ್ಲಿ 1963ರ ಡಿಸೆಂಬರಿನಲ್ಲಿ ಒಡೆದ ಬಾವಿಯೊಂದು ಸುಮಾರು ಮೂರು ವರ್ಷ ಉರಿಯಿತು. ದಿನವೊಂದಕ್ಕೆ ಒಂದು ಕೋಟಿ ಘನ ಮೀಟರಿಗೂ ಮೀರಿ ಅನಿಲ ವ್ಯರ್ಥವಾಗುತ್ತಿತ್ತು. 1966ರ ಸೆಪ್ಟೆಂಬರ್ 30ರಂದು ಸುಮಾರು 1500 ಮೀಟರ್ ಆಳದಲ್ಲಿ 30 ಕಿಲೋಟನ್ ಶಕ್ತಿಯ ಅಣುಸಾಧನವನ್ನು ಸಿಡಿಸಲಾಯಿತು. ಅರ್ಧ ನಿಮಿಷದೊಳಗೆ ಜ್ವಾಲೆ ನಂದಿತು. 1968ರಲ್ಲಿ ಪಾಮುಕ್ ಎಂಬಲ್ಲಿ 47 ಕಿಲೋಟನ್ ಸಾಧನವನ್ನು ಇನ್ನೂ ಆಳದಲ್ಲಿ ಸಿಡಿಸಿ ಮತ್ತೊಂದು ಬಾವಿಯನ್ನು ಮುಚ್ಚಲಾಯಿತು. ಈ ದೃಶ್ಯ ಜನಮನದಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ, 'ಬಾಂಬು ಹಾಕಿ ಬಾವಿ ಮುಚ್ಚಿದರು' ಎಂಬ ಒಂದು ವಾಕ್ಯದಲ್ಲಿ ಇಡೀ ಇತಿಹಾಸ ಅಡಗಿಹೋಯಿತು.

ನಡೆದುದನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಬಾಂಬನ್ನು ಉರಿಯುವ ಬಾಯಿಯ ಮೇಲೇನೂ ಹಾಕಲಿಲ್ಲ. ದೂರದಿಂದ ಓರೆಬಾವಿಯನ್ನು ಕೊರೆದು, ಒಡೆದ ಬಾವಿಯಿಂದ ಕೆಲವೇ ಹತ್ತು ಮೀಟರ್ ಅಂತರಕ್ಕೆ ತಲುಪಿಸಿ, ಅದರೊಳಗೆ ಸಾಧನವನ್ನು ಇಳಿಸಿ, ಮೇಲಿನಿಂದ ಸಿಮೆಂಟು ತುಂಬಲಾಗಿತ್ತು. ಸ್ಫೋಟ ಬಂಡೆಯನ್ನು ಅದುಮಿ ಪಕ್ಕದ ರಂಧ್ರವನ್ನು ಹಿಸುಕಿತು. ಅಂದರೆ ವೀರಕಥೆಯ ಬಾಂಬು ನಿಂತಿರುವುದು ಕಾನ್ರೋದ ಅನಾಮಿಕ ಓರೆಬಾವಿಯ ಹೆಗಲ ಮೇಲೆ. ಅಳತೆ ತಪ್ಪಿದರೆ ಅಣುಶಕ್ತಿಯೂ ನಿರುಪಯೋಗಿ. ಈ ಉದ್ದೇಶಕ್ಕೆ ನಡೆದ ಐದು ಸ್ಫೋಟಗಳಲ್ಲಿ ಉಕ್ರೇನಿನ ಕ್ರೆಸ್ಟಿಶ್ಚೆಯಲ್ಲಿ 1972ರಲ್ಲಿ ನಡೆದದ್ದೂ ಉತ್ತರ ರಷ್ಯದಲ್ಲಿ 1981ರಲ್ಲಿ ನಡೆದದ್ದೂ ಫಲಿಸಲಿಲ್ಲ. ಎರಡನೆಯದಕ್ಕೆ, ಒಡೆದ ಬಾವಿ ಆಳದಲ್ಲಿ ನಿಖರವಾಗಿ ಎಲ್ಲಿದೆಯೆಂಬ ಮಾಹಿತಿಯ ಕೊರತೆಯೇ ಕಾರಣವೆಂದು ಹೇಳಲಾಗಿದೆ. ಸೋತ ಈ ಎರಡು ಯತ್ನಗಳು ಯಾರ ಬಾಯಲ್ಲೂ ಉಳಿಯಲಿಲ್ಲ.

1991ರ ಕುವೈತ್ ಬೆಂಕಿಯನ್ನು ಇಲ್ಲಿ ಚುಟುಕಾಗಿ ಮಾತ್ರ ಪ್ರಸ್ತಾಪಿಸುತ್ತೇನೆ. ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ ಆರುನೂರಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿಯಿಟ್ಟಿತು. ವರ್ಷಗಳೇ ಬೇಕೆಂಬ ಅಂದಾಜನ್ನು ಸುಳ್ಳಾಗಿಸಿ ನವೆಂಬರಿನ ಹೊತ್ತಿಗೆ ಕೊನೆಯ ಬಾವಿಯನ್ನೂ ಮುಚ್ಚಲಾಯಿತು. ಎಣ್ಣೆ ಸಾಗಿಸುವ ಕೊಳವೆಗಳಲ್ಲಿ ಹಿಮ್ಮುಖವಾಗಿ ಸಮುದ್ರದ ನೀರನ್ನು ಹರಿಸಿದುದು ಇದರ ಮುಖ್ಯ ಗುಟ್ಟು. ಹಳೆಯ ಟ್ಯಾಂಕಿನ ಮೇಲೆ ಎರಡು ಮಿಗ್ ವಿಮಾನದ ಎಂಜಿನ್ ಕೂರಿಸಿದ ಹಂಗೇರಿಯವರ ಯಂತ್ರ ನೀರನ್ನು ಬಿರುಗಾಳಿಯಂತೆ ಊದಿ ಬೆಂಕಿ ನಂದಿಸಿತು. ನೆನಪಿನಲ್ಲಿ ಉಳಿದಿರುವುದು ಮತ್ತೆ ಆ ಯಂತ್ರವೇ. 1990ರಲ್ಲಿ ಏರ್ ಇಂಡಿಯಾ ವಿಮಾನಗಳಲ್ಲಿ ಮರಳಿದ ಲಕ್ಷಕ್ಕೂ ಮೀರಿದ ಭಾರತೀಯರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಯುದ್ಧಾನಂತರ ಮತ್ತೆ ಅಲ್ಲಿಗೆ ಹೋದವರ ಕಥನಗಳು ಕೊಂಕಣಿ, ತುಳು, ಬ್ಯಾರಿ, ಕನ್ನಡ ನುಡಿಗಳಲ್ಲಿ ಇನ್ನೂ ಮನೆಮಾತಾಗಿಯೇ ಇರಬೇಕು. ಅವುಗಳ ಸಂಗ್ರಹಕಾರ್ಯಕ್ಕೆ ವೇಳೆ ಮೀರುತ್ತಿದೆ.

ಐತಿಹ್ಯ ನಿರಪಾಯಕಾರಿಯಲ್ಲ ಎಂದು ಆರಂಭದಲ್ಲಿ ಹೇಳಿದೆ. ಅದಕ್ಕೆ ಆಧಾರ 2010ರ ಮೆಕ್ಸಿಕೋ ಕೊಲ್ಲಿಯ ದುರಂತ. ಏಪ್ರಿಲ್ 20ರಂದು 'ಡೀಪ್‌ವಾಟರ್ ಹೊರೈಜನ್' ನೌಕೆ ಸಿಡಿದು ಹನ್ನೊಂದು ಮಂದಿ ಸತ್ತರು. ಸುಮಾರು 1500 ಮೀಟರ್ ನೀರಿನಡಿಯ ಬಾಯಿಯಿಂದ 87 ದಿನ ಎಣ್ಣೆ ಹರಿಯಿತು. ಮೇಲೆ ಕವಿಚಲು ಇಳಿಸಿದ ಉಕ್ಕಿನ ಪೆಟ್ಟಿಗೆ, ಅನಿಲ ಮತ್ತು ಚಳಿನೀರು ಕೂಡಿ ಮಂಜಿನಂತೆ ಹೆಪ್ಪುಗಟ್ಟಿದ್ದರಿಂದ ಕೆಲಸಕ್ಕೆ ಬಾರದಾಯಿತು. ಮೇ ತಿಂಗಳ ಕೊನೆಗೆ ಭಾರವಾದ ಕೆಸರನ್ನು ಮೇಲಿನಿಂದ ತಳ್ಳಲಾಯಿತು. ಅದರ ಜೊತೆಗೆ ಗಾಲ್ಫ್ ಚೆಂಡು, ರಬ್ಬರಿನ ಚೂರುಗಳನ್ನೂ. ನಗೆ ತರಿಸುವಂತಿದ್ದರೂ ಇದು ಹುಚ್ಚಾಟವಲ್ಲ. ಸೋರುವ ಸಂದಿಯಲ್ಲಿ ಸಿಕ್ಕಿಕೊಂಡು ಹರಿವನ್ನು ಕಟ್ಟಲೆಂಬ ಲೆಕ್ಕಾಚಾರ. ಅದೇ ಕೊಲ್ಲಿಯಲ್ಲಿ 1979ರಲ್ಲಿ ಒಡೆದ ಮೆಕ್ಸಿಕೋದ ಇಕ್ಸ್‌ಟಾಕ್ ಬಾವಿಗೂ ಲೋಹದ ಗುಂಡುಗಳನ್ನು ಸುರಿಯಲಾಗಿತ್ತು; ಅದು ನಿಂತುದು ಮಾತ್ರ 1980ರ ಮಾರ್ಚಿನಲ್ಲಿ, ನೆರವಿನ ಬಾವಿಗಳಿಂದ. 2010ರ ಯತ್ನವೂ ಫಲಿಸಲಿಲ್ಲ. ಆಗ ರಷ್ಯದ ಪತ್ರಿಕೆಯೊಂದು ಉರ್ತಾಬುಲಾಕನ್ನು ನೆನಪಿಸಿ ಅಣುಸ್ಫೋಟವನ್ನು ಸೂಚಿಸಿತು. ಮಾತು ಅಮೆರಿಕದ ಪತ್ರಿಕೆ, ದೂರದರ್ಶನಗಳಿಗೂ ಹಬ್ಬಿತು. ಅಂಥ ಆಲೋಚನೆಯೇ ಇಲ್ಲವೆಂದು ಅಲ್ಲಿನ ಇಂಧನ ಇಲಾಖೆ ಸ್ಪಷ್ಟೀಕರಣ ನೀಡಬೇಕಾಯಿತು. ಎರಡು ನೆರವಿನ ಬಾವಿಗಳನ್ನು ಮೇ ತಿಂಗಳಿನಿಂದಲೇ ಕೊರೆಯಲಾಗುತ್ತಿತ್ತು. ಆದರೆ ಕಾಣದ ಕೆಲಸಕ್ಕೆ ಜನರ ಸಹನೆ ಸಾಲದು. ಜುಲೈ 15ರಂದು ಹೊಸ ಕವಾಟ ಹರಿವನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಕೆಸರು, ಸಿಮೆಂಟು ಇಳಿದವು. ಸೆಪ್ಟೆಂಬರಿನಲ್ಲಿ ನೆರವಿನ ಬಾವಿ ಸಮುದ್ರಮಟ್ಟದಿಂದ ಐದು ಸಾವಿರ ಮೀಟರಿಗೂ ಮೀರಿದ ಆಳದಲ್ಲಿ, ಒಂದು ಗೇಣಿನಾಸುಪಾಸಿನ ಅಗಲದ ಗುರಿಯನ್ನು ಮುಟ್ಟಿದ ಮೇಲೆ ಮಾತ್ರ, 19ನೆಯ ತಾರೀಖು, ಬಾವಿ ಸತ್ತಿತೆಂದು ಘೋಷಿಸಲಾಯಿತು. ಬಾವಿಯನ್ನು 'ಕೊಲ್ಲುವುದು' ಎಂಬುದು ಈ ವೃತ್ತಿಯ ಸ್ವಂತ ನುಡಿಗಟ್ಟು. ಕಟ್ಟಿದ ಬಾವಿ ಬೇರೆ, ಕೊಂದ ಬಾವಿ ಬೇರೆ ಎಂಬ ವಿವೇಕ ಆ ನುಡಿಯಲ್ಲೇ ಇದೆ. ವೃತ್ತಿಯ ಭಾಷೆ ಬಲ್ಲುದನ್ನು ವೃತ್ತಿಯ ಕಥೆ ಮರೆತಿದೆ.

ಭಾರತದ ಅನುಭವವನ್ನು ನೋಡುವಾಗ ಪ್ರಶ್ನೆ ತುಸು ಬದಲಾಗುತ್ತದೆ. ಟೆಕ್ಸಾಸಿನ ಕಥೆಗಳನ್ನು ಹೇಳಿದವರು ಕಸುಬಿನವರು. ನಮ್ಮಲ್ಲಿ ಬಾವಿಯ ಪಕ್ಕದಲ್ಲಿ ಗದ್ದೆ, ತೋಟ, ಹಟ್ಟಿಗಳಿವೆ. 1995ರ ಜನವರಿ 8ರಂದು ಆಂಧ್ರದ ಕೋನಸೀಮೆಯಲ್ಲಿ ತೆಂಗಿನ ತೋಟಗಳ ನಡುವಿನ ಪಾಸರ್ಲಪೂಡಿ ಬಾವಿ ಒಡೆದು ಹೊತ್ತಿಕೊಂಡಿತು. ಸುತ್ತಲ ಹಳ್ಳಿಗಳನ್ನು ತೆರವು ಮಾಡಬೇಕಾಯಿತು. ವಿದೇಶಿ ತಜ್ಞರ ನೆರವಿನಿಂದ ಅದನ್ನು ಹತೋಟಿಗೆ ತರಲು 65 ದಿನ ಹಿಡಿಯಿತು. ದೂರದ ಊರುಗಳಿಂದ ಕಾಣುತ್ತಿದ್ದ ಆ ಜ್ವಾಲೆಯ ನೆನಪು ಗೋದಾವರಿ ಸೀಮೆಯಲ್ಲಿ ಮೌಖಿಕವಾಗಿ ಯಾವ ರೂಪ ತಾಳಿದೆ ಎಂಬುದು ತೆಲುಗು ವಿದ್ವಾಂಸರು ಕೈಗೆತ್ತಿಕೊಳ್ಳಬೇಕಾದ ಕ್ಷೇತ್ರಕಾರ್ಯ.

ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಅನಿಲಬಾವಿ ಒಡೆಯಿತು. ಒಂದು ಕಡೆ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಮಾಗುರಿ-ಮೊಟಾಪುಂಗ್ ಎಂಬ ಜೌಗುಕೆರೆ. ಆ ಕೆರೆಯ ಮೀನು ಸುತ್ತಲವರ ಜೀವನಾಧಾರ. ಜೂನ್ 9ರಂದು ಬೆಂಕಿ ಹೊತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಮನೆಗಳು ಸುಟ್ಟವು, ಸಾವಿರಾರು ಜನ ಶಿಬಿರ ಸೇರಿದರು. ಆಗಸ್ಟಿನಲ್ಲಿ ಬಾಯಿಗೆ ಕವಾಟ ಕೂರಿತು. ಆದರೂ ಪೂರ್ತಿ ಮುಚ್ಚಿದರೆ ಹಳೆಯ ಕೊಳವೆ ಆ ಒತ್ತಡವನ್ನು ತಾಳದೆಂದು ಕಂಡುಬಂದು, ಅನಿಲವನ್ನು ಪಕ್ಕದ ಹೊಂಡಗಳಿಗೆ ತಿರುಗಿಸಿ ಉರಿಸಬೇಕಾಯಿತು. ಬೆಂಕಿ ಜಾಗ ಬದಲಿಸಿತ್ತಷ್ಟೆ. ಒತ್ತಡಕ್ಕೆದುರಾಗಿ ಕೊಳವೆಯನ್ನು ಒಳಕ್ಕೆ ನೂಕುವ ಯಂತ್ರವನ್ನು ಕೆನಡಾದಿಂದ ವಿಮಾನದಲ್ಲಿ ಕಲ್ಕತ್ತೆಗೆ ತಂದು, ಅಲ್ಲಿಂದ ರಸ್ತೆಯಲ್ಲಿ ಬಾಗ್‌ಜಾನಿಗೆ ಸಾಗಿಸಿದರು. ಆ ಕೊಳವೆಯ ಮೂಲಕ ಭಾರವಾದ ಕೆಸರು ಬಾವಿಯ ಆಳಕ್ಕಿಳಿಯಿತು. ನವೆಂಬರ್ 15ರಂದು, ಒಡೆದ ಐದೂವರೆ ತಿಂಗಳ ಬಳಿಕ, ಬಾವಿ ನಿಂತಿತು.